ನಿಮ್ಮ ಬಸ್ಸು ರಾತ್ರಿ ಎಲ್ಲಿ ಮಲಗಿತ್ತು?

‘ಬಸ್ಸಿನ ಬಗ್ಗೆ ಏನು ಬೇಕಾದರೂ ಕೇಳಿ, ನಿವೃತ್ತ ಕಂಡಕ್ಟರ್ ಒಬ್ಬರು ಉತ್ತರ ಕೊಡುತ್ತಾರೆ’ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಎರಡು ಸಾಲು ಹಾಕಿದ್ದರು. ಬಂದ ಕಾಗದ ನೋಡಿ ನನಗೇ ಗಾಬರಿ. ಮುಕ್ಕಾಲು ಪಾಲು ಬೈಗುಳವೇ. 31 ವರ್ಷ ತೀರ್ಥಹಳ್ಳಿ, ಶಿವಮೊಗ್ಗ, ಹೊಸನಗರ ಕಡೆಯ ಖಾಸಗಿ ಬಸ್ಸುಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತವನು ನಾನು. ಬೈಗುಳ ಹೊಸದಲ್ಲ. ಆಗ ಉತ್ತರ ಕೊಡುವುದಕ್ಕೆ ಪುರುಸೊತ್ತಿರಲಿಲ್ಲ, ಈಗ ಬೇಕಾದಷ್ಟಿದೆ.

ಪ್ರಶ್ನೆ: ಮಂಡಗದ್ದೆ ಹತ್ತಿರದ ಒಂದು ಸ್ಟಾಪಿನಿಂದ ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗುತ್ತೇನೆ. ನನ್ನದು 8.10ರ ಬಸ್ಸು. ಒಂದು ದಿನ 8.02ಕ್ಕೇ ದಾಟಿಬಿಟ್ಟಿರುತ್ತದೆ. ಇನ್ನೊಂದು ದಿನ 8.40 ಆದರೂ ಸುಳಿವಿಲ್ಲ. ಆಫೀಸಿನಲ್ಲಿ ‘ಬಸ್ ಲೇಟು’ ಅಂದರೆ ನಗುತ್ತಾರೆ. ಕಂಡಕ್ಟರಣ್ಣಾ, ಇದಕ್ಕೆ ಲೆಕ್ಕ ಅಂತ ಏನಾದರೂ ಇದೆಯಾ?
— ಓದುಗಿ, ಮಂಡಗದ್ದೆ

ಲೆಕ್ಕ ಇದೆ ತಂಗಿ. ನಿಮ್ಮ ಸ್ಟಾಪಿನಲ್ಲಿ ನಿಂತರೆ ಅದು ಕಾಣುವುದಿಲ್ಲ, ಅಷ್ಟೆ.

ನಿಮಗೆ ಅದು 8.10ರ ಬಸ್ಸು. ಗಾಡಿಯವರಿಗೆ ಅದು ಬೆಳಗಿನಿಂದ ಓಡುತ್ತಲೇ ಇರುವ ಬಸ್ಸು. ಹಿಂದಿನ ರಾತ್ರಿ ಅದು ತೀರ್ಥಹಳ್ಳಿಯಲ್ಲೂ ಇದ್ದಿರಲಿಕ್ಕಿಲ್ಲ. ಅಲ್ಲಿಂದ ಇನ್ನೂ ಇಪ್ಪತ್ತು ಕಿಲೋಮೀಟರ್ ಒಳಗೆ, ಯಾವುದೋ ಹಳ್ಳಿಯ ಕಡೇ ಅಂಗಡಿ ಎದುರು ಹಾಲ್ಟ್ ಆಗಿರುತ್ತದೆ. ಇಂಥ ಒಂದು ಹಾಲ್ಟಿಂಗ್ ಗಾಡಿಯಲ್ಲಿ ನಾನೇ ಹನ್ನೊಂದು ವರ್ಷ ಮಲಗಿದ್ದೇನೆ. ಹಿಂದಿನ ಉದ್ದ ಸೀಟು ನನಗೆ, ಮುಂದಿನದು ಡ್ರೈವರಣ್ಣನಿಗೆ. ಮಳೆಗಾಲದಲ್ಲಿ ಎದ್ದ ಕೂಡಲೇ ಮೊದಲ ಕೆಲಸ ಕಾಲಿನ ಇಂಬಳ ಕೀಳುವುದು. ಎರಡನೆಯದು ಅಂಗಡಿಯವರ ಮನೆಯ ಚಾ. ಗಾಡಿ ಸ್ಟಾರ್ಟ್ ಆಗುವುದು ಮೂರನೆಯದು, ಅದೂ ಅದರ ಮನಸ್ಸಿದ್ದರೆ. ಬ್ಯಾಟರಿ ಇಳಿದಿದ್ದರೆ ಊರವರೇ ಬಂದು ತಳ್ಳಬೇಕು.

ಅಲ್ಲಿಂದ 6.20ಕ್ಕೆ ಹೊರಟೆವು ಅಂತಿಟ್ಟುಕೊಳ್ಳಿ. ಹದಿನಾಲ್ಕು ಕಡೆ ನಿಲ್ಲಿಸಬೇಕು. ಒಂದು ಕಡೆ ಹಾಲಿನ ಕ್ಯಾನು. ಒಂದು ಕಡೆ ಎರಡು ಮೂಟೆ ಅಡಿಕೆ, ಅದನ್ನು ಟಾಪಿಗೆ ಹಾಕಬೇಕು. ಒಂದು ಕಡೆ ಗದ್ದೆ ಬದುವಿನ ಮೇಲೆ ಒಬ್ಬರು ಅಜ್ಜ ಕೊಡೆ ಎತ್ತಿ ತೋರಿಸುತ್ತಾ ಬರುತ್ತಿರುತ್ತಾರೆ. ಅವರು ಇನ್ನೂ ಒಂದು ಫರ್ಲಾಂಗು ದೂರ ಇದ್ದಾರೆ. ಬಿಟ್ಟು ಹೋಗುವುದಕ್ಕೆ ಆಗುತ್ತದಾ? ಇವತ್ತು ಬಿಟ್ಟು ಹೋದರೆ ನಾಳೆ ಅದೇ ಗದ್ದೆಯ ಪಕ್ಕ ಗಾಡಿ ಕೆಟ್ಟು ನಿಂತಾಗ ಕುಡಿಯಲು ನೀರು ಕೊಡುವವರು ಅವರೇ. ಹೀಗೆ ತೀರ್ಥಹಳ್ಳಿಗೆ ಬರುವಾಗಲೇ ಹತ್ತು ನಿಮಿಷ ಹೋಯಿತು. ಸ್ಟ್ಯಾಂಡಿನಲ್ಲಿ ಹಿಂದಿನ ಗಾಡಿಯ ಏಜೆಂಟ್ ‘ನಿಮ್ಮ ಟೈಮ್ ಆಯ್ತು, ತೆಗೀರಿ ತೆಗೀರಿ’ ಎಂದು ಜಗಳಕ್ಕೆ ನಿಂತಿರುತ್ತಾನೆ. ಚಾ ಬಿಡಬಹುದು. ಡೀಸೆಲ್ ಬಿಡಲಿಕ್ಕೆ ಆಗುವುದಿಲ್ಲ. ನಿಮ್ಮ 8.40 ಹುಟ್ಟುವುದು ಹೀಗೆ.

ಇನ್ನು 8.02ರ ಕತೆ. ಇದಕ್ಕೆ ನಾನು ನಮ್ಮವರ ಪರ ಮಾತಾಡುವುದಿಲ್ಲ. ಮುಂದಿನ ಬಸ್ಸು ಆ ದಿನ ಆಫ್ ಆಗಿದೆ ಎಂದು ಗೊತ್ತಾದರೆ ಅದರ ಕಲೆಕ್ಷನ್ನೂ ಸಿಗಲಿ ಎಂದು ಹಿಂದಿನವರು ಮೊದಲೇ ಹೊರಡುತ್ತಾರೆ. ಇಲ್ಲವಾದರೆ ಬೇರೆ ಮಾಲೀಕರ ಗಾಡಿ ಬೆನ್ನಿಗೆ ಅಂಟಿಕೊಂಡು ಬರುತ್ತಿರುತ್ತದೆ, ಅದಕ್ಕಿಂತ ಮುಂದೆ ಇರಬೇಕೆಂದು ಓಡಿಸುತ್ತಾರೆ. ಶಾಲೆಗೆ ರಜೆ ಇದ್ದರೂ ಬೇಗ ಬರುತ್ತದೆ, ಮಕ್ಕಳಿಗೆ ನಿಲ್ಲಿಸುವುದು ಇರುವುದಿಲ್ಲವಲ್ಲ. ತಡವಾದರೆ ನೀವು ಕಾಯುತ್ತೀರಿ, ಬಸ್ಸು ಸಿಗುತ್ತದೆ. ಬೇಗ ಹೋದರೆ ಸಿಗುವುದೇ ಇಲ್ಲ. ನಾನೂ ಕೆಲವು ಸಲ ಹಾಗೆ ವಿಶಲ್ ಹೊಡೆದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಖಾಸಗಿ ಬಸ್ಸಿಗೂ ಬಾಯಿಗೆ ಬಂದ ಟೈಮ್ ಇರುವುದಿಲ್ಲ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಕೊಡುವಾಗಲೇ ಸಮಯವನ್ನೂ ಗೊತ್ತು ಮಾಡಿರುತ್ತದೆ. ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ವಾರದಲ್ಲಿ ಎರಡು ಮೂರು ದಿನ ಟೈಮಿಗೆ ಮೊದಲೇ ಹೋಗುತ್ತಿದ್ದರೆ ದಿನಾಂಕ, ಗಾಡಿ ನಂಬರು ಬರೆದಿಟ್ಟುಕೊಂಡು ಆರ್‌ಟಿಓ ಕಚೇರಿಗೆ ಅರ್ಜಿ ಕೊಡಿ. ಒಬ್ಬರೇ ಕೊಡಬೇಡಿ, ಸ್ಟಾಪಿನ ಹತ್ತು ಜನ ಸಹಿ ಹಾಕಿ.

ಅದಕ್ಕೂ ಮೊದಲು ಒಂದು ಸುಲಭದ ಕೆಲಸ ಮಾಡಿ. ನಿಮ್ಮ ಬಸ್ಸು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕಂಡಕ್ಟರನ್ನೇ ಕೇಳಿ. ಆ ಊರಿನಿಂದ ನಿಮ್ಮ ಸ್ಟಾಪಿನವರೆಗೆ ದಾರಿಯಲ್ಲಿ ಯಾರದಾದರೂ ಅಂಗಡಿ, ಹೋಟೆಲು ಗುರುತಿದ್ದರೆ ನಂಬರ್ ಇಟ್ಟುಕೊಳ್ಳಿ. ‘ಗಾಡಿ ದಾಟ್ತಾ?’ ಎಂದು ಬೆಳಿಗ್ಗೆ ಒಂದು ಮಾತು ಕೇಳಿದರೆ ಆಯಿತು. ಮೊಬೈಲಿನಲ್ಲಿ ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗಳು ಇವೆಯಂತೆ. ನಮ್ಮ ಕಾಡಿನಲ್ಲಿ ಸಿಗ್ನಲ್ ಸಿಗಬೇಕಲ್ಲ.

ಪ್ರಶ್ನೆ: ಒಂದು ಗಂಟೆ ಒಂದೂ ಬಸ್ಸಿಲ್ಲ. ಆಮೇಲೆ ಮೂರು ಒಟ್ಟಿಗೆ! ಮಾತಾಡಿಕೊಂಡೇ ಹೀಗೆ ಬರುತ್ತೀರಾ?
— ಕಾಲೇಜು ವಿದ್ಯಾರ್ಥಿ, ಕುಂಸಿ

ಇಲ್ಲ ಮಾರಾಯ. ಮಾತಾಡಿಕೊಂಡು ಬರುವಷ್ಟು ಒಗ್ಗಟ್ಟು ನಮ್ಮಲ್ಲಿ ಎಲ್ಲಿತ್ತು?

ಆನಂದಪುರದಿಂದ ನಿಮ್ಮ ಕಡೆಗೆ ಮೂರು ಬಸ್ಸು, ಇಪ್ಪತ್ತು ನಿಮಿಷಕ್ಕೊಂದರಂತೆ ಹೊರಟವು ಅನ್ನು. ಮೊದಲಿನದು ಎಲ್ಲೋ ಐದು ನಿಮಿಷ ತಡವಾಯಿತು. ಐದು ನಿಮಿಷ ತಡ ಅಂದರೆ ಮುಂದಿನ ಪ್ರತಿ ಸ್ಟಾಪಿನಲ್ಲೂ ಐದು ನಿಮಿಷದ ಜನ ಹೆಚ್ಚು. ಅವರು ಹತ್ತಬೇಕು, ಟಿಕೆಟ್ ಆಗಬೇಕು, ಚೀಲ ಒಳಗೆ ಬರಬೇಕು. ಹಾಗಾಗಿ ಇನ್ನೂ ತಡ. ಚೋರಡಿಗೆ ಬರುವಾಗ ಒಳಗೆ ಕಾಲಿಡಲು ಜಾಗ ಇಲ್ಲ. ಎರಡನೆಯದಕ್ಕೆ ಜನವೇ ಉಳಿದಿಲ್ಲ. ನಿಲ್ಲಿಸುವ ಕೆಲಸ ಇಲ್ಲದೆ ಹಾರಿಕೊಂಡು ಬಂದು ಮೊದಲಿನದರ ಬಾಲ ಹಿಡಿಯುತ್ತದೆ. ಮೂರನೆಯದೂ ಹಾಗೇ. ತಡವಾದ ಬಸ್ಸು ಇನ್ನೂ ತಡವಾಗುತ್ತದೆ, ಖಾಲಿ ಬಸ್ಸು ಇನ್ನೂ ಖಾಲಿಯಾಗುತ್ತದೆ. ಬೆಂಗಳೂರಿನಲ್ಲೂ ಇದೇ ಕತೆ. ಅಲ್ಲಿ ಸಿಗ್ನಲ್ ದೀಪದಿಂದ ಶುರುವಾಗುತ್ತದೆ, ಇಲ್ಲಿ ಅಡಿಕೆ ಮೂಟೆಯಿಂದ.

ನೀನು ಏನು ಮಾಡಬೇಕು ಅಂದರೆ, ತುಂಬಿ ಬಂದ ಮೊದಲ ಬಸ್ಸಿನ ಬಾಗಿಲಿಗೆ ಜೋತು ಬೀಳಬೇಡ. ಹಿಂದೆ ನೋಡು. ತಿರುವಿನಲ್ಲಿ ಇನ್ನೊಂದರ ಮೂತಿ ಕಂಡರೆ ಎರಡು ನಿಮಿಷ ತಡೆ, ಸೀಟು ಸಿಗುತ್ತದೆ. ಪರೀಕ್ಷೆಯ ದಿನ ಮಾತ್ರ ನನ್ನ ಮಾತು ಕೇಳಬೇಡ. ಸಿಕ್ಕಿದ್ದಕ್ಕೆ ಹತ್ತು.

ಪ್ರಶ್ನೆ: ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಎಂದು ಕೂಗುತ್ತೀರಲ್ಲ, ಆ ಜಾಗ ಎಲ್ಲಿದೆ?
— ಭದ್ರಾವತಿಯಿಂದ ಒಬ್ಬರು

ನಾನೂ 31 ವರ್ಷ ಹುಡುಕಿದೆ.

ಪ್ರಶ್ನೆ: ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟು ಆಮೇಲೆ ಕಂಡಕ್ಟರ್ ಮರೆತೇಬಿಡುತ್ತಾರೆ. ಇದು ಬೇಕಂತಲೇ ಮಾಡುವುದಾ?
— ಗೃಹಿಣಿ, ಶಿಕಾರಿಪುರ

ಕೆಲವರು ಬೇಕಂತಲೇ ಮಾಡುತ್ತಾರೆ. ಹೆಚ್ಚಿನವರು ನಿಜಕ್ಕೂ ಮರೆಯುತ್ತಾರೆ. ಬೆಳಗಿನ ಟ್ರಿಪ್ಪಿನಲ್ಲಿ ಮೊದಲ ಹತ್ತು ಜನರೂ ಐನೂರರ ನೋಟು ಚಾಚಿದರೆ ಚೀಲದಲ್ಲಿ ಎಲ್ಲಿಂದ ತರುವುದು ಅಮ್ಮಾ? ಇಳಿಯುವ ಸ್ಟಾಪಿಗಿಂತ ಎರಡು ಸ್ಟಾಪ್ ಮೊದಲೇ ಟಿಕೆಟ್ ಕೈಯಲ್ಲಿ ಹಿಡಿದು ಕಣ್ಣಿಗೆ ಕಾಣುವ ಹಾಗೆ ನಿಲ್ಲಿ. ಈಗ ಎಷ್ಟೋ ಬಸ್ಸುಗಳಲ್ಲಿ ಫೋನಿನಿಂದ ದುಡ್ಡು ಹಾಕಬಹುದು, ಈ ರಗಳೆ ಸ್ವಲ್ಪ ಕಡಿಮೆಯಾಗಿದೆ. ಆದರೆ ಘಾಟಿಯೊಳಗೆ ‘ಪೇಮೆಂಟ್ ಸುತ್ತುತ್ತಾ ಇದೆ’ ಎನ್ನುವ ಹೊಸ ರಗಳೆ ಬಂದಿದೆ.

ಪ್ರಶ್ನೆ: ಹೆಂಗಸರಿಗೆ ಬಸ್ ಫ್ರೀ ಅಂತಾರೆ. ನಮ್ಮ ಊರಿಗೆ ಬರುವ ಬಸ್ಸಿನಲ್ಲಿ ದುಡ್ಡು ಕೊಟ್ಟೇ ಹೋಗುತ್ತಿದ್ದೇನೆ. ಸರ್ಕಾರಿ ಬಸ್ಸು ಮೇನ್ ರೋಡಿನಲ್ಲಿ ಹೋಗುತ್ತದೆ, ಕೈ ಮಾಡಿದರೆ ನಿಲ್ಲಿಸುವುದಿಲ್ಲ. ನಾವೇನು ಕರ್ನಾಟಕದವರಲ್ಲವಾ?
— ಅಂಗನವಾಡಿ ಕಾರ್ಯಕರ್ತೆ, ಹೊಸನಗರ ತಾಲ್ಲೂಕು

ನಿಮ್ಮ ಸಿಟ್ಟು ಸರಿ ಅಕ್ಕಾ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದು ಸರ್ಕಾರಿ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ. ರಾಜಹಂಸ, ಐರಾವತದಂಥವಕ್ಕೆ ಇಲ್ಲ. ಖಾಸಗಿಗೆ ಇಲ್ಲವೇ ಇಲ್ಲ. ಬಯಲುಸೀಮೆಯಲ್ಲಿ ಹಳ್ಳಿಹಳ್ಳಿಗೂ ಕೆಂಪು ಬಸ್ಸು ಹೋಗುತ್ತದೆ. ನಮ್ಮ ಮಲೆನಾಡಿನ ಒಳದಾರಿಗಳಲ್ಲಿ ಮೊದಲಿನಿಂದಲೂ ಖಾಸಗಿಯವರದೇ ಓಡಾಟ. ಹಾಗಾಗಿ ಶಿವಮೊಗ್ಗದ ಸರ್ಕಾರಿ ಸ್ಟ್ಯಾಂಡಿನಲ್ಲಿ ಹತ್ತಿದವರಿಗೆ ಶೂನ್ಯ ಟಿಕೆಟ್ಟು, ಪಕ್ಕದ ಖಾಸಗಿ ಸ್ಟ್ಯಾಂಡಿನಲ್ಲಿ ಹತ್ತಿದವರಿಗೆ ಪೂರ್ತಿ ಟಿಕೆಟ್ಟು. ಎರಡೂ ಸ್ಟ್ಯಾಂಡು ಅಕ್ಕಪಕ್ಕ, ನಾಲ್ಕು ಹೆಜ್ಜೆ ದೂರ.

ಕೈ ಮಾಡಿದರೆ ನಿಲ್ಲಿಸದ ಬಗ್ಗೆ ಒಂದು ಮಾತು. ದೂರದ ಊರಿನ ವೇಗದೂತ ಬಸ್ಸಿಗೆ ಎಲ್ಲ ಸ್ಟಾಪ್ ಇರುವುದಿಲ್ಲ. ಖಾಸಗಿಯವನು ನಿಮ್ಮ ಮನೆ ಗೇಟಿನ ಎದುರೂ ನಿಲ್ಲಿಸುತ್ತಾನೆ, ಯಾಕೆಂದರೆ ನೀವೇ ಅವನ ಕಲೆಕ್ಷನ್ನು. ಹತ್ತಿರದ ಕ್ರಾಸಿನಲ್ಲಿ ಒಂದು ನಿಲುಗಡೆ ಕೊಡಿ ಎಂದು ಡಿಪೋ ವ್ಯವಸ್ಥಾಪಕರಿಗೆ ಬರೆಯಿರಿ. ಅಂಗನವಾಡಿ, ಶಾಲೆ, ಆಸ್ಪತ್ರೆಗೆ ಹೋಗುವವರು ದಿನಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕಿ ಅದರಲ್ಲೇ ಸೇರಿಸಿ. ‘ತೊಂದರೆಯಾಗುತ್ತಿದೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ‘ಬೆಳಿಗ್ಗೆ ಒಂಬತ್ತಕ್ಕೆ 23 ಜನ’ ಎಂದು ಬರೆದರೆ ಓದುತ್ತಾರೆ. ಆ ಬಸ್ಸು ಸಿಕ್ಕ ದಿನ ಆಧಾರ್ ಮರೆಯಬೇಡಿ, ಸುಮ್ನೆ ಕಂಡಕ್ಟರ್ ಜೊತೆ ಜಗಳ ಬೇಡ.

ಪ್ರಶ್ನೆ: ಅಪ್ಪನನ್ನು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಜುಲೈ ಬಂದರೆ ಹೊರಟ ಮೇಲೆ ತಲುಪುತ್ತೇವೋ ಇಲ್ಲವೋ ಗೊತ್ತಾಗುವುದಿಲ್ಲ. ಏನು ಮಾಡಲಿ?
— ಕೃಷಿಕ, ತೀರ್ಥಹಳ್ಳಿ ತಾಲ್ಲೂಕು

ಇದಕ್ಕೆ ತಮಾಷೆ ಮಾಡುವುದಿಲ್ಲ. ನೀವು ಇಳಿಯುವುದು ಆಗುಂಬೆ ಘಾಟಿ. ಹೇರ್‌ಪಿನ್ ತಿರುವುಗಳೇ ಹದಿನಾಲ್ಕು. ರಸ್ತೆ ಅಗಲ ಇಲ್ಲ, ಒಂದು ಕಡೆ ಧರೆ, ಅಂದರೆ ರಸ್ತೆಗೆಂದು ಕಡಿದ ಗುಡ್ಡದ ಗೋಡೆ, ಇನ್ನೊಂದು ಕಡೆ ಕಣಿವೆ. ನಾಲ್ಕು ದಿನ ಬಿಡದೆ ಹೊಡೆದರೆ ಧರೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಮೇಲೆ ಬಿಸಿಲು ಬಂದ ದಿನವೂ ಕುಸಿಯಬಹುದು. ‘ಇವತ್ತು ಮಳೆ ಇಲ್ಲ, ಹೋಗಬಹುದು’ ಎನ್ನುವ ಲೆಕ್ಕ ಅದಕ್ಕೇ ತಪ್ಪುವುದು.

ಮಳೆಗಾಲದಲ್ಲಿ ಈ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿ ಜಿಲ್ಲಾಡಳಿತ ಆದೇಶ ಹೊರಡಿಸುವುದು ಮಾಮೂಲಿ. ಆಗ ಮಿನಿ ಬಸ್ಸುಗಳು ಮಾತ್ರ ಇಳಿಯುತ್ತವೆ. ಧರೆ ಕುಸಿದರೆ ಅವೂ ಇಲ್ಲ. ದೊಡ್ಡ ಗಾಡಿಗಳು ಮಾಸ್ತಿಕಟ್ಟೆ, ಹುಲಿಕಲ್ ಮೇಲೆ ಬಾಳೆಬರೆ ಘಾಟಿ ಇಳಿದು ಸಿದ್ದಾಪುರದ ಕಡೆಯಿಂದ ಸುತ್ತಿ ಹೋಗಬೇಕು. ಆ ಹುಲಿಕಲ್ಲೇನು ಕಡಿಮೆಯಾ? ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಅಲ್ಲೂ ಕುಸಿತ ಆಗುತ್ತದೆ. ಹಾಗಾಗಿ ಎರಡನೇ ದಾರಿಯನ್ನೂ ಪೂರ್ತಿ ನಂಬಬೇಡಿ.

ನಾನು ಹೇಳುವುದು ಇಷ್ಟು. ಡಾಕ್ಟರು ತಾರೀಕು ಕೊಡುವಾಗಲೇ ‘ನಾವು ಘಾಟಿ ಮೇಲಿನವರು’ ಎಂದು ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. ಸಾಧ್ಯವಾದರೆ ಹಿಂದಿನ ದಿನವೇ ಇಳಿದು ಹೆಬ್ರಿಯಲ್ಲೋ ಉಡುಪಿಯಲ್ಲೋ ನೆಂಟರ ಮನೆಯಲ್ಲಿ ಉಳಿಯಿರಿ. ಮಾತ್ರೆ ಒಂದು ವಾರದ್ದು ಜಾಸ್ತಿ ಇರಲಿ. ಹೊರಡುವ ಮೊದಲು ಆ ಬೆಳಿಗ್ಗೆ ಘಾಟಿ ಹತ್ತಿ ಬಂದ ಗಾಡಿಯವರನ್ನು ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಕೇಳಿ. ಟಿವಿಯಲ್ಲಿ ತೋರಿಸುವ ಕುಸಿತ ಒಮ್ಮೊಮ್ಮೆ ಹೋದ ವರ್ಷದ್ದಾಗಿರುತ್ತದೆ. ಡ್ರೈವರ್ ಹೇಳುವುದು ಎರಡು ಗಂಟೆ ಹಿಂದಿನದು.

ಒಂದು ಸಲ ನಮ್ಮ ಗಾಡಿ ರಾತ್ರಿ ಎಂಟಕ್ಕೆ ಒಂದು ತಿರುವಿನಲ್ಲಿ ನಿಂತಿತು. ಎದುರಿಗೆ ದೊಡ್ಡ ಮರ ಅಡ್ಡ ಬಿದ್ದಿತ್ತು. ಹಿಂದೆ ತಿರುಗಿಸಲು ಜಾಗ ಇಲ್ಲ. ಒಳಗೆ 38 ಜನ, ಅದರಲ್ಲಿ ಒಬ್ಬ ಬಾಣಂತಿ. ಒಬ್ಬರು ಕತ್ತಿ ಹುಡುಕಿದರು, ಒಬ್ಬರು ಮದುವೆಗೆಂದು ಒಯ್ಯುತ್ತಿದ್ದ ಚಕ್ಕುಲಿ ಡಬ್ಬಿ ಬಿಚ್ಚಿದರು. ಬಾಣಂತಿಯ ಸುತ್ತ ಹೆಂಗಸರು ಸೀರೆ ಕಟ್ಟಿ ಕೋಣೆ ಮಾಡಿದರು. ಬೆಳಿಗ್ಗೆ ಐದೂವರೆಗೆ ದಾರಿಯಾಯಿತು. ಇಳಿಯುವಾಗ ಒಬ್ಬರು ಮೇಷ್ಟ್ರು ‘ರಾತ್ರಿ ಹಾಲ್ಟಿಗೂ ಟಿಕೆಟ್ ಇದೆಯೇನಪ್ಪಾ’ ಎಂದು ಕೇಳಿದ್ದರು.

ಪ್ರಶ್ನೆ: ಸಿಗಂದೂರು ಸೇತುವೆ ಆಯಿತಲ್ಲ, ಇನ್ನಾದರೂ ತುಮರಿ ಕಡೆಯವರ ಬಸ್ಸಿನ ಗೋಳು ಮುಗಿಯಿತಾ?
— ಸಾಗರದ ಓದುಗರು

ಅರ್ಧ ಮುಗಿಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಆ ಸೇತುವೆ ತೆರೆದ ಮೇಲೆ, ಜನರನ್ನೂ ವಾಹನವನ್ನೂ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವುದು ತಪ್ಪಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಹಿನ್ನೀರಿನ ಆಚೆ ಉಳಿದವರು ಅವರು. ಬಸ್ಸು ಎಷ್ಟು ಚುರುಕಾಗಿ ಬಂದರೂ ದಡದಲ್ಲಿ ಲಾಂಚು ಬರುವವರೆಗೆ ನಿಲ್ಲಲೇಬೇಕಿತ್ತು. ಸಂಜೆ ಲಾಂಚು ನಿಂತ ಮೇಲೆ ಕಾಯಿಲೆಯವರನ್ನೂ ದಾಟಿಸುವುದು ಕಷ್ಟ. 2023ರ ಜೂನ್‌ನಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದೇ ನಿಂತಿತ್ತು. ಮಳೆ ಜಾಸ್ತಿಯಾದರೆ ಉಳಿದ ಮಲೆನಾಡಿಗೆ ಬಸ್ಸಿಲ್ಲ, ಕಡಿಮೆಯಾದರೆ ಇವರಿಗೆ ಬಸ್ಸಿಲ್ಲ. ಉಳಿದ ಅರ್ಧ ಯಾವುದು ಅಂದರೆ, ಸೇತುವೆ ಮೇಲೆ ಓಡುವುದಕ್ಕೆ ಬಸ್ಸು ಸಾಕಷ್ಟು ಬೇಕಲ್ಲ.

ಪ್ರಶ್ನೆ: ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು ಟೈಮಿಗೆ ಸರಿಯಾಗಿ ಬರುತ್ತಿದ್ದವು. ಒಳ್ಳೆಯದೇ ಯಾಕೆ ನಿಲ್ಲುತ್ತದೆ?
— ಶೃಂಗೇರಿ ಕಡೆಯ ಹಿರಿಯರು

ಇದಕ್ಕೆ ಉತ್ತರ ಬರೆಯುವಾಗ ಕೈ ನಿಲ್ಲುತ್ತದೆ ಸ್ವಾಮಿ. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ನಾನು ಅದರಲ್ಲಿ ಇದ್ದವನಲ್ಲ, ಆದರೆ ಅವರ ಗಾಡಿ ಬಂದರೆ ನಾವು ವಾಚು ಸರಿ ಮಾಡಿಕೊಳ್ಳುತ್ತಿದ್ದೆವು. ನಷ್ಟ ತಾಳಲಾರದೆ 2020ರಲ್ಲಿ ನಿಂತಿತು. ಜನ ಕಡಿಮೆ ಇರುವ ಟ್ರಿಪ್ಪನ್ನೂ ಬಿಡದೆ ಓಡಿಸುವವರಿಗೆ ಡೀಸೆಲ್ ಬಂಕಿನಲ್ಲಿ ರಿಯಾಯಿತಿ ಸಿಗುವುದಿಲ್ಲ. ಅಷ್ಟೇ ನನಗೆ ಗೊತ್ತಿರುವುದು.

ಪ್ರಶ್ನೆ: ಹೋದ ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ನಮ್ಮೂರಿಗೆ ಬರುವ ಸಂಜೆ ಏಳೂವರೆಯ ಕೊನೇ ಬಸ್ಸು ನಾಲ್ಕು ದಿನ ಬರಲೇ ಇಲ್ಲ. ಕೇಳಿದರೆ ‘ಮದುವೆಗೆ ಹೋಗಿತ್ತು’ ಅಂತಾರೆ. ಆಟೋಕ್ಕೆ ಆರುನೂರು ರೂಪಾಯಿ ಕೊಟ್ಟು ಬಂದೆ. ಬಸ್ಸಿಗೆ ಎಂಥ ಮದುವೆ?
— ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಕೋಣಂದೂರು ಕಡೆ

ಮದುವೆ ಸೀಸನ್ನಿನಲ್ಲಿ ಒಂದು ಬಾಡಿಗೆ ಟ್ರಿಪ್ಪಿಗೆ ಸಿಗುವ ದುಡ್ಡು ನಿಮ್ಮ ಕೊನೇ ಬಸ್ಸಿನ ಮೂರು ದಿನದ ಕಲೆಕ್ಷನ್ನಿಗಿಂತ ಹೆಚ್ಚು ಮಗಳೇ. ಮಾಲೀಕರಿಗೂ ಸಾಲದ ಕಂತು ಇರುತ್ತದೆ. ಬಾಡಿಗೆಗೆ ಹೋಗುವುದಕ್ಕೆ ಬೇರೆ ಪರ್ಮಿಟ್ ಮಾಡಿಸಬೇಕು, ಮಾಡಿಸುತ್ತಾರೆ. ಆದರೆ ದಿನದ ಟ್ರಿಪ್ಪಿಗೆ ಬದಲಿ ಗಾಡಿ ಬಿಡಬೇಕಲ್ಲ, ಅದನ್ನು ಮರೆಯುತ್ತಾರೆ. ಕೊನೇ ಬಸ್ಸಿನವರು ಹೇಗೂ ಜಗಳಕ್ಕೆ ಬರುವುದಿಲ್ಲ, ಮನೆಗೆ ಹೋಗುವ ಅವಸರ ಅವರಿಗೆ.

ಏಪ್ರಿಲ್, ಮೇ ತಿಂಗಳಲ್ಲಿ, ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಬೆಳಿಗ್ಗೆ ಬರುವಾಗಲೇ ‘ಅಣ್ಣಾ, ಸಂಜೆ ಗಾಡಿ ಇದೆಯಾ?’ ಎಂದು ಕೇಳಿಬಿಡಿ. ಕಂಡಕ್ಟರಿಗೆ ಗೊತ್ತಿರುತ್ತದೆ. ಇಲ್ಲ ಅಂದರೆ ಆರೂವರೆಯ ಬಸ್ಸಿಗೆ ಬಿಡಿ ಎಂದು ಅಂಗಡಿಯವರಿಗೆ ಮಧ್ಯಾಹ್ನವೇ ಹೇಳಬಹುದು.

ನನ್ನದೂ ಒಂದು ತಪ್ಪು ಇದೆ, ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷದ ಮೇಲಾಯಿತು. ನಾನಿದ್ದ ಕೊನೇ ಬಸ್ಸನ್ನು ಮಾಲೀಕರು ಭದ್ರಾವತಿಯ ಮದುವೆಗೆ ಕಳಿಸಿದರು. ಮಧ್ಯಾಹ್ನದ ಗಾಡಿಯವನಿಗೆ ‘ಸಂಜೆ ನಾವಿಲ್ಲ ಅಂತ ಸ್ಟಾಪ್ ಸ್ಟಾಪಿಗೂ ಕೂಗಿಬಿಡು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಮ್ಮ ದಾರಿಯ ಒಬ್ಬರು ಅಮ್ಮ, ಮಗಳ ಬಾಣಂತನ ಮುಗಿಸಿ ಬರುತ್ತಿದ್ದವರು, ಮೇನ್ ರೋಡಿನ ಕ್ರಾಸಿನಲ್ಲಿ ಇಳಿದು ನಮ್ಮ ಬಸ್ಸಿಗೆ ಕಾದಿದ್ದಾರೆ. ಒಂಬತ್ತೂವರೆಯ ತನಕ ಕಾದಿದ್ದಾರೆ. ಆಮೇಲೆ ಹತ್ತಿರದ ಮನೆಯವರಿಂದ ಸೂಡಿ ಕಟ್ಟಿಸಿಕೊಂಡು, ಅದರ ಬೆಳಕಿನಲ್ಲಿ ಆರು ಕಿಲೋಮೀಟರ್ ನಡೆದಿದ್ದಾರೆ. ಇದೆಲ್ಲ ನನಗೆ ಮಾರನೇ ದಿನ ಅಂಗಡಿಯಲ್ಲಿ ಗೊತ್ತಾಯಿತು.

ಅದರ ಮಾರನೇ ದಿನ ಅವರು ನಮ್ಮ ಬಸ್ಸಿಗೇ ಹತ್ತಿದರು. ಬೈಯುತ್ತಾರೆ ಎಂದು ನಾನು ಹಿಂದಿನ ಬಾಗಿಲಲ್ಲೇ ನಿಂತಿದ್ದೆ. ಟಿಕೆಟ್ ಕೊಡದೆ ಎಷ್ಟು ಹೊತ್ತು ಅಂತ ಇರುವುದು? ಹೋದೆ. ಸರಿಯಾಗಿ ಎಣಿಸಿ ಚಿಲ್ಲರೆ ಕೊಟ್ಟರು. ಟಿಕೆಟ್ ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, ‘ಮದುವೆ ಊಟ ಚೆನ್ನಾಗಿತ್ತೇನೋ ತಮ್ಮಾ?’

ಹೋಳಿಗೆ ಇತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.